ಗಣೆಯ ತುದಿಗೆ ಅನಾನಸು

ತೇಲುವ ಸಂತೆಯ ವಿಷಯದಲ್ಲಿ ನನ್ನದೊಂದು ಹಟ: ಬೆಳಗಿನ ಐದೂವರೆಗೆ ನೀರಿನ ಮೇಲೆ ಇಲ್ಲದವರು ಅದನ್ನು ನೋಡಿದೆವು ಎಂದು ಹೇಳಿಕೊಳ್ಳಬಾರದು. ಹೋಟೆಲಿನ ತಿಂಡಿ ಮುಗಿಸಿ, ಮುಖಕ್ಕೆ ಸನ್‌ಸ್ಕ್ರೀನ್ ಬಳಿದುಕೊಂಡು ಒಂಬತ್ತಕ್ಕೆ ಹೊರಟವರಿಗೆ ಕಾಣುವುದು ಲಂಗರು ಹಾಕಿ ಮಲಗಿದ ದೋಣಿಗಳು, ನೀರಲ್ಲಿ ತೇಲುವ ಎಲೆಕೋಸಿನ ಹೊರಸಿಪ್ಪೆ, ತಮ್ಮ ಹಾಗೆಯೇ ತಡವಾಗಿ ಬಂದ ಇನ್ನೊಂದಷ್ಟು ಜನ. ಅಲ್ಲಿಂದಲೇ ಫೋಟೊ ಹಾಕಿ 'ಏನೂ ಇಲ್ಲ, ಬರೀ ಪ್ರಚಾರ' ಎಂದು ಬರೆದುಬಿಡುತ್ತಾರೆ. ಸಂತೆ ಮುಗಿದ ಮೇಲೆ ಬಂದದ್ದು ಅವರು, ಬೈಸಿಕೊಳ್ಳುವುದು ಸಂತೆ.

ನಾನು ಹೇಳುತ್ತಿರುವುದು ವಿಯೆಟ್ನಾಮಿನ ದಕ್ಷಿಣದ ಕಾನ್ ಥೋ ಊರಿನ ಕಾಯ್ ರಾಂಗ್ ಸಂತೆಯ ಮಾತು. ಮೆಕಾಂಗ್ ನದಿ ಕಾಂಬೋಡಿಯಾದ ನಾಮ್ ಪೆನ್ ಹತ್ತಿರ ಕವಲೊಡೆದು, ತಿಯೆನ್ ಮತ್ತು ಹೌ ಎಂಬ ಎರಡು ಹೆಸರಲ್ಲಿ ವಿಯೆಟ್ನಾಂ ಹೊಕ್ಕು, ಮತ್ತೆ ಮತ್ತೆ ಸೀಳಿ ಸಮುದ್ರ ಸೇರುತ್ತದೆ. ಹೌ ನದಿಯ ದಂಡೆಯ ದೊಡ್ಡ ಊರು ಕಾನ್ ಥೋ. ಅಲ್ಲಿ ಬಂದು ಕೂಡುವ ಚಿಕ್ಕ ನದಿಯೊಂದರ ಮೇಲೆ, ಊರಿನ ನಿನ್ ಕಿಯೂ ಕಟ್ಟೆಯಿಂದ ಸುಮಾರು ಆರು ಕಿಲೋಮೀಟರ್ ಒಳಕ್ಕೆ ಹೋದರೆ ಸಂತೆ. ಸೈಗಾನಿನಿಂದ (ನಕ್ಷೆಯಲ್ಲಿ ಹೋ ಚಿ ಮಿನ್ ಸಿಟಿ, ಜನರ ಬಾಯಲ್ಲಿ ಇನ್ನೂ ಸೈಗಾನ್) ಸುಮಾರು 170 ಕಿಲೋಮೀಟರ್, ಬಸ್ಸಿನಲ್ಲಿ ಮೂರೂವರೆಯಿಂದ ನಾಲ್ಕು ತಾಸು. ಈ ಲೆಕ್ಕ ಗೊತ್ತಿದ್ದರೆ ಪ್ಯಾಕೇಜಿನವರು ಕೊಡುವ 'ಮೆಕಾಂಗ್, ಒಂದೇ ದಿನದಲ್ಲಿ' ಎಂಬ ಹಾಳೆಯನ್ನು ಮಡಿಸಿ ಪಕ್ಕಕ್ಕಿಡುತ್ತೀರಿ. ಬೆಳಿಗ್ಗೆ ಸೈಗಾನ್ ಬಿಟ್ಟವರಿಗೆ ಈ ಸಂತೆ ಸಿಕ್ಕುವ ಮಾತೇ ಇಲ್ಲ. ಹಿಂದಿನ ರಾತ್ರಿಯೇ ಕಾನ್ ಥೋದಲ್ಲಿ ಇಳಿದುಕೊಂಡಿರಬೇಕು, ಬೇಗ ಮಲಗಬೇಕು. ಎರಡನೆಯದೇ ಕಷ್ಟ, ಏಕೆಂದರೆ ಆ ಊರಿನ ರಾತ್ರಿಪೇಟೆಯ ತಿಂಡಿ ಬಹಳ ಚೆನ್ನಾಗಿರುತ್ತದೆ.

ದೋಣಿಯ ಆಯ್ಕೆ ಇನ್ನೊಂದು ಮುಖ್ಯ ಸಂಗತಿ. ಕಟ್ಟೆಯಲ್ಲಿ ಎರಡು ಜಾತಿಯವು ಸಿಗುತ್ತವೆ. ಮೂವತ್ತು-ನಲವತ್ತು ಜನರನ್ನು ತುಂಬಿಕೊಂಡು, ಮೇಲೆ ಚಪ್ಪರ, ಕೈಯಲ್ಲಿ ಮೈಕು ಹಿಡಿದ ಗೈಡು ಇರುವ ದೊಡ್ಡದು. ನಾಲ್ಕೈದು ಜನ ಕೂರುವ ಚಿಕ್ಕದು. ದುಡ್ಡು ಸ್ವಲ್ಪ ಹೆಚ್ಚಾದರೂ ಚಿಕ್ಕದನ್ನೇ ಹಿಡಿಯಿರಿ. ದೊಡ್ಡದರಲ್ಲಿ ನೀವು ಸಂತೆಯನ್ನು ಮೇಲಿನಿಂದ ನೋಡುತ್ತೀರಿ. ಚಿಕ್ಕದರಲ್ಲಿ ಕುಂಬಳಕಾಯಿಯ ರಾಶಿ ನಿಮ್ಮ ಕಣ್ಣಿಗಿಂತ ಎತ್ತರದಲ್ಲಿರುತ್ತದೆ. ದೊಡ್ಡದು ನಡುನೀರಿನಲ್ಲೇ ಒಂದು ಸುತ್ತು ಹಾಕಿ ತಿರುಗುತ್ತದೆ, ಚಿಕ್ಕದು ಎರಡು ದೋಣಿಗಳ ಸಂದಿಯಲ್ಲೂ ತೂರುತ್ತದೆ. ಅದರ ಹಿಂಬದಿಯ ಮೋಟಾರಿಗೆ ಉದ್ದನೆಯ ಸಲಾಕೆ, ತುದಿಗೆ ಚಿಕ್ಕ ಪಂಖ. ನೀರಿನ ಮೇಲೆ ಹಾಸಿಕೊಂಡ ಅಂತರಗಂಗೆ ಅದಕ್ಕೆ ಸುತ್ತಿಕೊಂಡರೆ ದೋಣಿಯವಳು ಮೋಟಾರನ್ನು ಹಾಗೇ ಎತ್ತಿ, ಬೇರು ಕೊಡವಿ, ಮತ್ತೆ ನೀರಿಗೆ ಅದ್ದುತ್ತಾಳೆ. 'ದೋಣಿಯವಳು' ಎಂದದ್ದು ಬೇಕೆಂದೇ. ಇಲ್ಲಿ ದೋಣಿ ನಡೆಸುವವರಲ್ಲಿ ಹೆಂಗಸರು ಬಹಳ. ಹುಟ್ಟು ಹಾಕುವ ದೋಣಿಯಾದರೆ ಹಿಂಬದಿಯಲ್ಲಿ ನಿಂತು, ಎದೆಯ ಮುಂದೆ ಅಡ್ಡಡ್ಡ ಹಾಯುವ ಎರಡು ಹುಟ್ಟುಗಳನ್ನು ಮೈಭಾರ ಬಿಟ್ಟು ಮುಂದಕ್ಕೆ ತಳ್ಳುತ್ತಾರೆ. ಬೆನ್ನು ತಿರುಗಿಸಿ ಕೂತು ಎಳೆಯುವ ಪದ್ಧತಿಯಲ್ಲ. ಹೋಗುವ ದಾರಿಗೇ ಮುಖ. ಇಕ್ಕಟ್ಟಿನ ಕಾಲುವೆಯಲ್ಲಿ ಅದೇ ಸರಿ.

ಕತ್ತಲಲ್ಲಿ ಹೊರಟ ಅರ್ಧ ತಾಸಿನ ದಾರಿಯಲ್ಲಿ ನೋಡುವುದಕ್ಕೆ ಹೆಚ್ಚೇನೂ ಇಲ್ಲ. ತಂಪು ಗಾಳಿ, ಡೀಸೆಲ್ ವಾಸನೆ, ನೀರಿನ ಮೇಲೆಯೇ ನಿಂತ ಪೆಟ್ರೋಲ್ ಬಂಕು. ಆಮೇಲೆ ಒಂದು ಸೇತುವೆ ದಾಟುತ್ತಿದ್ದಂತೆ ಮಸುಕಿನಲ್ಲಿ ಕಂಬಗಳ ಸಾಲು ಕಾಣತೊಡಗುತ್ತದೆ.

ಸಂತೆಯನ್ನು ಓದುವ ಪಾಠ ಶುರುವಾಗುವುದು ಆ ಕಂಬಗಳಿಂದ. ಪ್ರತಿ ದೊಡ್ಡ ದೋಣಿಯ ಮೂತಿಯಲ್ಲೂ ಉದ್ದನೆಯ ಬಿದಿರ ಗಣೆಯೊಂದು ನೆಟ್ಟಗೆ ನಿಂತಿರುತ್ತದೆ. ಅವರು ಅದನ್ನು 'ಕೈ ಬೆಯೊ' ಎನ್ನುತ್ತಾರೆ. ದೋಣಿಯಲ್ಲಿ ಏನಿದೆಯೋ ಅದರ ಒಂದು ತುಣುಕನ್ನು ಗಣೆಯ ತುದಿಗೆ ನೇತುಹಾಕುವುದು ಕ್ರಮ. ಅನಾನಸಿದ್ದರೆ ಅನಾನಸು, ಎಲೆಕೋಸಿದ್ದರೆ ಎಲೆಕೋಸು, ನಾಲ್ಕು ಸರಕಿದ್ದರೆ ನಾಲ್ಕೂ ಒಂದರ ಕೆಳಗೊಂದು. ಹತ್ತಾರು ದೋಣಿಗಳು ಒತ್ತೊತ್ತಾಗಿ ನಿಂತ ನದಿಯಲ್ಲಿ, ಮೋಟಾರುಗಳ ಗದ್ದಲದ ನಡುವೆ, ಕೂಗಿ ಮಾರಿದರೆ ಯಾರಿಗೆ ಕೇಳೀತು? ದೂರದಿಂದಲೇ ತಲೆಯೆತ್ತಿ ನೋಡಿದ ಗಿರಾಕಿ ನೇರ ತನಗೆ ಬೇಕಾದ ದೋಣಿಯತ್ತ ಮೂತಿ ತಿರುಗಿಸುತ್ತಾನೆ.

ಇಷ್ಟನ್ನು ಎಲ್ಲ ಗೈಡುಗಳೂ ಹೇಳುತ್ತಾರೆ. ಸ್ವಾರಸ್ಯವಿರುವುದು ಈ ನಿಯಮ ತಪ್ಪುವ ಕಡೆ. ನೇತುಹಾಕಿದ್ದರೂ ಮಾರಾಟಕ್ಕಿಲ್ಲದ್ದು ಒಂದಿದೆ: ಬಟ್ಟೆ. ಇವರು ದೋಣಿಯಲ್ಲೇ ಸಂಸಾರ ಮಾಡುವವರು, ಒಗೆದದ್ದನ್ನು ಒಣಹಾಕಲು ಬೇರೆ ಅಂಗಳವಿಲ್ಲ. ಮಾರಾಟಕ್ಕಿದ್ದರೂ ನೇತುಹಾಕದ್ದು ಇನ್ನೊಂದು: ನೂಡಲ್ ಸಾರು, ಕಾಫಿ, ತಂಪು ಪಾನೀಯ. ಸಾರನ್ನು ಗಣೆಗೆ ಕಟ್ಟುವುದು ಹೇಗೆ? ಕೊನೆಯದು ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಗಣೆಯ ತುದಿಯಲ್ಲಿ ತೆಂಗಿನ ಜಾತಿಯ ಗರಿಯೊಂದು ಕಟ್ಟಿದ್ದರೆ ಮಾರಾಟಕ್ಕಿರುವುದು ಗರಿಯಲ್ಲ, ದೋಣಿಯೇ. ಅಲ್ಲಿ ಮನೆಯ ಮಾಡಿಗೆ ಹೊದಿಸುವುದು ಅಂಥ ಗರಿಯನ್ನು, ಆದ್ದರಿಂದ ಗರಿ ಎಂದರೆ ಮನೆ. ತಮ್ಮ ಮನೆಯನ್ನೇ ಮಾರಲು ನಿಂತವರು ಒಂದು ಮಾತೂ ಆಡದೆ ಅದನ್ನು ಇಡೀ ನದಿಗೆ ತಿಳಿಸಿದಂತಾಯಿತು. ಈಚಿನ ವರ್ಷಗಳಲ್ಲಿ ಕೆಲವರು ಬೋರ್ಡಿನಲ್ಲಿ ಫೋನ್ ನಂಬರ್ ಬರೆದು ತೂಗುಹಾಕುತ್ತಾರೆ. ಅನುಕೂಲ ನಿಜ, ಆದರೆ ಗಣೆಯ ಬುದ್ಧಿವಂತಿಕೆ ಅದಕ್ಕಿಲ್ಲ.

ಕಾಯ್ ರಾಂಗ್ ಸಗಟು ಸಂತೆ. ಇದನ್ನು ಮರೆತವರಿಗೇ ಅಲ್ಲಿ ನಿರಾಸೆಯಾಗುವುದು. ಯಶವಂತಪುರದ ಎಪಿಎಂಸಿ ಯಾರ್ಡಿಗೆ ಬೆಳಗಿನ ಜಾವ ಹೋಗಿ, ಲಾರಿಯಿಂದ ಈರುಳ್ಳಿ ಇಳಿಸುತ್ತಿರುವವನನ್ನು ನಿಲ್ಲಿಸಿ 'ಅರ್ಧ ಕಿಲೋ ಕೊಡಿ' ಎಂದರೆ ಅವನು ಯಾವ ಮುಖ ಮಾಡಿಯಾನೋ, ಅದೇ ಮುಖವನ್ನು ಇಲ್ಲಿಯೂ ನೋಡಬಹುದು. ದೊಡ್ಡ ದೋಣಿಗಳು ದೂರದ ತೋಟಗಳಿಂದ ಒಂದೇ ಸರಕನ್ನು ಟನ್ನುಗಟ್ಟಲೆ ತುಂಬಿಕೊಂಡು ಬರುತ್ತವೆ; ಮಾಲು ಖಾಲಿಯಾಗುವ ತನಕ ದಿನಗಟ್ಟಲೆ ಅಲ್ಲೇ ನಿಲ್ಲುತ್ತವೆ. ವಿನ್ ಲಾಂಗ್ ಕಡೆಯ ಗೆಣಸು, ಹೌ ಜಿಯಾಂಗ್ ಕಡೆಯ ಪುಟ್ಟ ಸಿಹಿ ಅನಾನಸು. ಚಿಕ್ಕ ದೋಣಿಯವರು ಬಂದು ಕೊಂಡು, ಒಳಗಿನ ಕಾಲುವೆಗಳ ಹಳ್ಳಿಗಳಿಗೆ, ದಡದ ಅಂಗಡಿಗಳಿಗೆ ಒಯ್ದು ಹಂಚುತ್ತಾರೆ.

ನಿಮ್ಮ ದೋಣಿಯವಳಿಗೆ ಹೇಳಿ ಒಂದು ಅನಾನಸಿನ ದೋಣಿಯ ಪಕ್ಕ ಮೋಟಾರು ನಿಲ್ಲಿಸಿಕೊಳ್ಳಿ. ರಾಶಿಯ ಮೇಲೆ ಕುಕ್ಕರುಗಾಲಲ್ಲಿ ಕೂತವನು ಒಂದು ಕೈಗೆ ಒಂದರಂತೆ ಎರಡು ಹಣ್ಣು ಎತ್ತಿ ಎಸೆಯುತ್ತಾನೆ. ಕೆಳಗಿನ ದೋಣಿಯಲ್ಲಿ ನಿಂತವನು ಜೋಡಿಯಾಗಿಯೇ ಹಿಡಿದು, ಬಗ್ಗಿ, ಕಿರೀಟ ಹೊರಗೆ ಬರುವಂತೆ ಜೋಡಿಸುತ್ತಾನೆ. ಎರಡು ದೋಣಿಗಳೂ ಅಲೆಗೆ ಬೇರೆ ಬೇರೆ ಲಯದಲ್ಲಿ ಏರಿಳಿಯುತ್ತಿದ್ದರೂ ಹಣ್ಣು ನೀರಿಗೆ ಬೀಳುವುದಿಲ್ಲ. ಎಸೆಯುವವನು ಎಣಿಕೆ ಒಪ್ಪಿಸುತ್ತಲೇ ಇರುತ್ತಾನೆ. ಆ ಎಣಿಕೆಯೂ ಒಂದು ಚೆಂದ. ಮೆಕಾಂಗ್ ಸೀಮೆಯ ಹಳೆಯ ವ್ಯಾಪಾರದಲ್ಲಿ 'ಹತ್ತು' ಎಂದರೆ ಹತ್ತೇ ಅಲ್ಲ; ಸರಕನ್ನೂ ಊರನ್ನೂ ನೋಡಿ ಹನ್ನೆರಡು, ಹದಿನಾಲ್ಕು, ಹದಿನಾರರವರೆಗೂ ಹೋಗುತ್ತದೆ. ದಾರಿಯಲ್ಲಿ ಕೊಳೆಯುವುದು, ಜಜ್ಜಿಹೋಗುವುದು ಇದ್ದೇ ಇದೆಯಲ್ಲ, ಅದಕ್ಕೆ ಮೊದಲೇ ಕೊಸರು ಸೇರಿಸಿದ ಲೆಕ್ಕ. ಕೊಸರಿಗಾಗಿ ಜಗಳವಾಡಬೇಕಿಲ್ಲದ ಸಂತೆಯನ್ನು ಕಂಡು ನಮ್ಮ ಕಡೆಯವರಿಗೆ ಸ್ವಲ್ಪ ಬೇಜಾರೇ ಆದೀತು.

ತಿಂಡಿಯ ವಿಷಯ. ಬೆಳಗಿನ ಸಂತೆಯಲ್ಲಿ ಪ್ರವಾಸಿಗ ನ್ಯಾಯವಾಗಿ ಮಾಡಬಹುದಾದ ವ್ಯಾಪಾರ ಇದೊಂದೇ, ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗಿ. ನೂಡಲ್ ಮಾರುವ ದೋಣಿ ಅಂಗೈಯಗಲದ ಅಡುಗೆಮನೆ: ನಡುವೆ ಕುದಿಯುವ ಸಾರಿನ ಹಂಡೆ, ಒಂದು ಪಕ್ಕ ಹೆಚ್ಚಿಟ್ಟ ಸೊಪ್ಪು, ಮೊಳಕೆ, ನಿಂಬೆಹಣ್ಣು, ಇನ್ನೊಂದು ಪಕ್ಕ ಬಟ್ಟಲು ತೊಳೆಯುವ ಬಕೆಟ್ಟು. 'ಹು ತಿಯು' ಎಂಬುದು ಅಕ್ಕಿಯ ಶ್ಯಾವಿಗೆ, ಸಾರು ಹಂದಿಯ ಎಲುಬಿನದು. ಸಸ್ಯಾಹಾರಿಗಳು ಮುಂಚೆಯೇ 'ಚಾಯ್' ಎಂಬ ಮಾತು ಕಲಿತುಹೋಗುವುದು ಒಳ್ಳೆಯದು. ಬೌದ್ಧರ ಉಪವಾಸದ ಊಟಕ್ಕೆ ಆ ಹೆಸರು, ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಸುಲಭವಾಗಿ ಸಿಕ್ಕುತ್ತದೆ. ಉಳಿದ ದಿನ ಅನಾನಸು ಇದೆ: ಕಣ್ಣುಗಳನ್ನು ಓರೆಗೆರೆಯಲ್ಲಿ ಕೆತ್ತಿ ತೆಗೆದು, ತೊಟ್ಟನ್ನೇ ಹಿಡಿಯಾಗಿ ಬಿಟ್ಟು ಕೊಡುತ್ತಾರೆ, ಐಸ್‌ಕ್ಯಾಂಡಿಯ ಹಾಗೆ ಹಿಡಿದು ತಿನ್ನಬಹುದು.

ಕಾಫಿಯ ದೋಣಿಯನ್ನಂತೂ ನಾವು ಬಿಡುವ ಹಾಗಿಲ್ಲ. ಕಡುಗಪ್ಪು ಡಿಕಾಕ್ಷನ್, ತಳದಲ್ಲಿ ಮಂದನೆಯ ಡಬ್ಬಿಹಾಲು, ಮೇಲೆ ಐಸು. ಹೆಚ್ಚಿನ ಪಾಲು ರೊಬಸ್ಟಾ ಬೀಜ. ಜಗತ್ತಿನಲ್ಲಿ ಅತಿ ಹೆಚ್ಚು ರೊಬಸ್ಟಾ ಬೆಳೆಯುವ ದೇಶ ವಿಯೆಟ್ನಾಂ, ಅಲ್ಲಿನ ಮಲೆಸೀಮೆಯಲ್ಲಿ ಮಳೆ ತಪ್ಪಿದರೆ ಕೊಡಗಿನ ಬೆಳೆಗಾರನ ಕೈಗೆ ಬರುವ ಬೆಲೆ ಏರುತ್ತದೆ. ಆದ್ದರಿಂದ ಮಡಿಕೇರಿಯವರು ಆ ಲೋಟ ಹಿಡಿದಾಗ ಎದುರಾಳಿಯ ಸರಕನ್ನೇ ಕುಡಿಯುತ್ತಿರುತ್ತಾರೆ. ಚೆನ್ನಾಗಿದೆ ಎಂದು ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಬಹುದು.

ಇಂಥ ಸಂತೆ ಇಲ್ಲೇ ಏಕೆ ಹುಟ್ಟಿತು ಎಂದರೆ, ಈ ಸೀಮೆಯಲ್ಲಿ ನೀರೇ ದಾರಿಯಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ವಿಯೆಟ್ನಾಮಿನ ದೊರೆಗಳು ಸಾವಿರಾರು ಜನರನ್ನು ಹಚ್ಚಿ ವಿನ್ ತೆ ಎಂಬ ಕಾಲುವೆ ತೋಡಿಸಿದರು; 1819ರಲ್ಲಿ ಹಿಡಿದ ಕೆಲಸ ಮುಗಿದದ್ದು 1824ರಲ್ಲಿ. ಆಮೇಲೆ ಫ್ರೆಂಚರು ಯಂತ್ರ ತಂದು ಅಗೆದರು. ಕಾಲುವೆ ಕಾಲುವೆ ಕೂಡಿದ ಕಡೆಯೆಲ್ಲ ದೋಣಿಗಳು ನಿಂತವು, ನಿಂತ ಕಡೆ ವ್ಯಾಪಾರ ಕುದುರಿತು. ಸಮುದ್ರದ ಉಬ್ಬರ ಇಳಿತ ಕಾನ್ ಥೋವರೆಗೂ ಮುಟ್ಟುತ್ತದೆ. ಮೋಟಾರಿಲ್ಲದ ಕಾಲದಲ್ಲಿ ತುಂಬಿದ ದೋಣಿಯವರು ನೀರು ತಿರುಗುವುದನ್ನು ಕಾಯುತ್ತ ಒಂದೆಡೆ ಲಂಗರು ಹಾಕಲೇಬೇಕಿತ್ತು. ಕಾಯುವವರು ಸುಮ್ಮನೆ ಕೂರುತ್ತಾರೆಯೇ?

ಈಗ ಸಂತೆ ಕರಗುತ್ತಿದೆ. ಇಪ್ಪತ್ತು ವರ್ಷದ ಹಿಂದೆ ಕಾಯ್ ರಾಂಗಿನಲ್ಲಿ ಐನೂರರಷ್ಟು ದೋಣಿ ಸೇರುತ್ತಿದ್ದವು. ಇಂದು ಅದರ ಅರ್ಧವೂ ಇಲ್ಲ. 2000ದಲ್ಲಿ ತಿಯೆನ್ ನದಿಗೆ ಮಿ ಥುವಾನ್ ಸೇತುವೆ ಬಂತು, 2010ರಲ್ಲಿ ಹೌ ನದಿಗೆ ಕಾನ್ ಥೋ ಸೇತುವೆ. ಸೇತುವೆ ತೆರೆದ ಮೇಲೆ ಲಾರಿ ತೋಟದ ಬಾಗಿಲಿಗೇ ಹೋಗತೊಡಗಿತು. ಅನಾನಸು ಬೆಳೆದವನನ್ನು ದೂರಲಾದೀತೇ? ಇಡೀ ದಿನ ನೀರಲ್ಲಿ ಸಾಗಬೇಕಾದ ಮಾಲು ರಸ್ತೆಯಲ್ಲಿ ಎರಡು ಮೂರು ತಾಸಿಗೆ ಮುಟ್ಟುವುದಾದರೆ ನಾನೂ ನೀವೂ ಲಾರಿಯನ್ನೇ ಕರೆಯುತ್ತೇವೆ. ದೋಣಿಯಲ್ಲಿ ಹುಟ್ಟಿದ ಮಕ್ಕಳು ಶಾಲೆಗೆ ಹೋಗಬೇಕೆಂದರೆ ಅಪ್ಪ ಅಮ್ಮ ದಡ ಹತ್ತಲೇಬೇಕು. ಪ್ರವಾಹ ತಡೆಯಲು ನದಿಯ ಅಂಚಿಗೆ ಕಟ್ಟಿದ ಎತ್ತರದ ಗೋಡೆಯಿಂದ ಮಾಲು ಏರಿಸಿ ಇಳಿಸುವುದೂ ಕಷ್ಟವಾಗಿದೆ.

2016ರಲ್ಲಿ ಸರ್ಕಾರ ಈ ಸಂತೆಯ ಸಂಸ್ಕೃತಿಯನ್ನು ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿತು. ಒಳ್ಳೆಯದೇ. ಆದರೆ ಸರ್ಕಾರಗಳು ಸಂತೆಗೆ ಕೈ ಹಾಕಿದಾಗ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ಅಲ್ಲೇ ಹತ್ತಿರದಲ್ಲಿದೆ. ಫುಂಗ್ ಹಿಯೆಪ್ ಎಂಬಲ್ಲಿ ಏಳು ಕಾಲುವೆಗಳು ಕೂಡುವ ಜಾಗದಲ್ಲಿ ಮೆಕಾಂಗಿನ ಹೆಸರಾಂತ ಸಂತೆಯಿತ್ತು. ದೋಣಿ ಸಂಚಾರಕ್ಕೆ ಅಡ್ಡಿ ಎಂದು 2002ರಲ್ಲಿ ಅದನ್ನು ಕೆಲವೇ ಕಿಲೋಮೀಟರ್ ದೂರದ ಇನ್ನೊಂದು ಕಾಲುವೆಗೆ ಸ್ಥಳಾಂತರಿಸಿದರು. ಗಿರಾಕಿ ಹಿಂದೆ ಹೋಗಲಿಲ್ಲ, ಸಂತೆ ಸತ್ತಿತು. ದಿನಗೂಲಿ ಕೊಟ್ಟು ದೋಣಿ ನಿಲ್ಲಿಸಿ, ಗಣೆಗೆ ಪ್ಲಾಸ್ಟಿಕ್ ಹಣ್ಣು ಕಟ್ಟಿಸಿದರೆ ಅದು ಸಂತೆಯಾಗುವುದಿಲ್ಲ. ಥಾಯ್ಲೆಂಡಿನ ದಮ್ನೋನ್ ಸದುವಾಕ್ ಆಗುತ್ತದೆ. 1974ರ ಜೇಮ್ಸ್ ಬಾಂಡ್ ಚಿತ್ರದಲ್ಲಿ ಬಂದ ಮೇಲೆ ಲೋಕವೆಲ್ಲ ನುಗ್ಗಿದ ಆ ಕಾಲುವೆಯಲ್ಲಿ ಈಗ ದೋಣಿಯವರು ನಿಮ್ಮನ್ನೇ ಹುಡುಕಿಕೊಂಡು ಬರುತ್ತಾರೆ, ಕೊಕ್ಕೆಗೋಲಿನಿಂದ ನಿಮ್ಮ ದೋಣಿಯನ್ನು ತಮ್ಮ ಅಂಗಡಿಗೆ ಎಳೆದುಕೊಂಡೂ ಬಿಡುತ್ತಾರೆ. ಕಾಯ್ ರಾಂಗಿನ ಅನಾನಸಿನವನಿಗೆ ನೀವು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ನನ್ನ ಮಟ್ಟಿಗೆ ತೇಲುವ ಸಂತೆಯ ಗುಣ ಅಳೆಯುವ ಸೇರು ಇದು: ಬಂದವರನ್ನು ಅದು ಎಷ್ಟು ಅಲಕ್ಷಿಸುತ್ತದೆ? ಈ ಸೇರಿನಲ್ಲಿ ಅಳೆದರೆ ಶ್ರೀನಗರದ ದಾಲ್ ಸರೋವರದ ತರಕಾರಿ ಸಂತೆ ಇಂದಿಗೂ ಒಳ್ಳೆಯ ಅಂಕ ಪಡೆಯುತ್ತದೆ, ಅದು ನದಿಯಲ್ಲ ಎಂಬ ತಕರಾರು ಬೇರೆ.

ಹೋಗುವವರಿಗೆ ನಾಲ್ಕು ಮಾತು. ಚಂದ್ರಮಾನದ ಹೊಸವರ್ಷವಾದ ತೆತ್ ಹಬ್ಬಕ್ಕೆ ಒಂದೆರಡು ವಾರ ಮುಂಚೆ, ಅಂದರೆ ಜನವರಿ-ಫೆಬ್ರವರಿಯಲ್ಲಿ ಹೋದರೆ ಕಲ್ಲಂಗಡಿ, ಹೂವಿನ ಕುಂಡಗಳಿಂದ ನದಿ ತುಂಬಿರುತ್ತದೆ. ಹಬ್ಬದ ದಿನವೇ ಹೋದರೆ ಎಲ್ಲರೂ ಊರಿಗೆ ಹೋಗಿರುತ್ತಾರೆ. ನೂಡಲ್ ಮಾಡುವ ಮನೆ, ಹಣ್ಣಿನ ತೋಟ ಎಂದು ಸೇರಿಸಿ ಮಾರುವ ಪ್ರವಾಸವಾದರೆ, ಮೊದಲು ಸಂತೆ, ಆಮೇಲೆ ಉಳಿದದ್ದು ಎಂದು ದೋಣಿಯವಳಿಗೆ ಹಿಂದಿನ ದಿನವೇ ಖಡಾಖಂಡಿತ ಹೇಳಿ. ದೋಣಿಗಳ ಒಳಗೆ ಕ್ಯಾಮೆರಾ ತೂರಿಸಬೇಡಿ. ಅಲ್ಲಿ ಯಾರೋ ಹಲ್ಲುಜ್ಜುತ್ತಿರುತ್ತಾರೆ. ಇನ್ನು ದುಡ್ಡು: ವಿಯೆಟ್ನಾಮಿನ 20,000 ಡಾಂಗಿನ ನೋಟೂ ನೀಲಿ, 5,00,000ದ ನೋಟೂ ನೀಲಿ. ಬೆಳಕು ಹರಿಯುವ ಮುಂಚೆ, ಅಲುಗಾಡುವ ದೋಣಿಯಲ್ಲಿ, ಒಂದು ಲೋಟ ಕಾಫಿಗೆ ಯಾವುದನ್ನು ಚಾಚುತ್ತಿದ್ದೀರಿ ಎಂದು ಸೊನ್ನೆಗಳನ್ನು ಎಣಿಸಿಕೊಂಡೇ ಕೊಡಿ.