ಸಂದಿ, ಸಂಧಿ, ಎಸ್ತ್ರೆಚೊ

ಸ್ಪ್ಯಾನಿಷ್ ಭಾಷೆಯ ‘ಎಸ್ತ್ರೆಚೊ’ ಎಂಬ ಗುಣವಾಚಕ ನನಗೆ ಬಲು ಇಷ್ಟ. ಬೀದಿಯ ಜೊತೆ ಬಂದರೆ ಇಕ್ಕಟ್ಟು, ಗೆಳೆತನದ ಜೊತೆ ಬಂದರೆ ಗಾಢ, ಆಪ್ತ. ಇಂಗ್ಲಿಷಿಗೆ ತರುವವರು ಈ ಒಂದು ಮಾತನ್ನು ಎರಡಾಗಿ ಸೀಳಬೇಕಾಗುತ್ತದೆ: ಬೀದಿಗೆ ‘ನ್ಯಾರೋ’, ಗೆಳೆತನಕ್ಕೆ ‘ಕ್ಲೋಸ್’. ‘ಟೈಟ್’ ಎರಡೂ ಕಡೆ ಅಷ್ಟಿಷ್ಟು ಸಲ್ಲುತ್ತದೆ, ಆದರೆ ಅದರಲ್ಲಿ ಬಿಗಿತವೇ ಹೆಚ್ಚು. ಎಸ್ತ್ರೆಚೊ ಹುಟ್ಟಿದ್ದು ಲ್ಯಾಟಿನ್ನಿನ ‘ಸ್ಟ್ರಿಕ್ಟುಸ್’ನಿಂದ. ಇಂಗ್ಲಿಷಿನ ‘ಸ್ಟ್ರಿಕ್ಟ್’ ಕೂಡ ಅದೇ ಬಳ್ಳಿಯದು. ಅಲ್ಲಿ ಉಳಿದದ್ದು ಕಟ್ಟುನಿಟ್ಟು, ಇಲ್ಲಿ ಒಲವೂ ಉಳಿಯಿತು.

ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ನಮ್ಮ ಓಣಿಯನ್ನು ತೆಲುಗಿನವರು ‘ಸಂದು’ ಅನ್ನುತ್ತಾರೆ. ಆಟೊ ಬಂದರೆ ಬೈಕಿನವರು ಗೋಡೆಗೆ ಒತ್ತಿ ನಿಲ್ಲಬೇಕು. ಎದುರುಮನೆಯ ಅಕ್ಕ ಗೋಂಗೂರ ಪಚ್ಚಡಿಯ ಬಟ್ಟಲನ್ನು ಬಾಲ್ಕನಿಯಿಂದಲೇ ಚಾಚುತ್ತಾರೆ, ನಾನು ಇತ್ತ ಕಡೆಯಿಂದ ಬಾಗಿ ಹಿಡಿಯುತ್ತೇನೆ. ಬಟ್ಟಲು ಬರಿದಾಗಿ ಮರಳುವುದಿಲ್ಲ. ಶೇಂಗಾ ಚಟ್ನಿಪುಡಿ ತುಂಬಿಕೊಂಡೇ ಹೋಗುತ್ತದೆ. ರಸ್ತೆ ಇನ್ನೆರಡು ಅಡಿ ಅಗಲವಿದ್ದಿದ್ದರೆ ಆ ಕೈಗಳು ಮುಟ್ಟುತ್ತಲೇ ಇರಲಿಲ್ಲ.

ತೆಲುಗಿನ ಆ ‘ಸಂದು’ ಕನ್ನಡದಲ್ಲಿ ‘ಸಂದಿ’, ಕೂಡುವಿಕೆ ಎಂಬರ್ಥದ ಸಂಸ್ಕೃತದ ‘ಸಂಧಿ’ಯ ತದ್ಭವ. ಸಂದಿಗೊಂದಿ ಸುತ್ತುವ ನಾವೇ ಸವರ್ಣದೀರ್ಘ ಸಂಧಿ ಕಲಿಯುತ್ತೇವೆ, ಮಂಡಿ ಹಿಡಿದರೆ ಸಂಧಿವಾತ ಅನ್ನುತ್ತೇವೆ. ಎರಡು ಗೋಡೆಗಳ ನಡುವಿನ ಕಿರಿದಾದ ಜಾಗಕ್ಕೆ ಕೂಡುವ ಮಾತಿನ ಹೆಸರು! ಎಸ್ತ್ರೆಚೊಗೆ ಇಷ್ಟು ಹತ್ತಿರದ ನೆಂಟ ನಮ್ಮ ಮನೆಯಲ್ಲೇ ಇದ್ದಾನೆ.

ಜಿಬ್ರಾಲ್ಟರ್ ಬಳಿ ಯುರೋಪು, ಆಫ್ರಿಕಾಗಳ ನಡುವೆ ಸುಮಾರು 14 ಕಿ.ಮೀ.ಗೆ ಕಿರಿದಾಗುವ ಕಡಲನ್ನು ಸ್ಪೇನಿನವರು ಕರೆಯುವುದೂ ‘ಎಸ್ತ್ರೆಚೊ’ ಎಂದೇ. ನಾವು ಅದನ್ನು ಜಲಸಂಧಿ ಅನ್ನುತ್ತೇವೆ.