ತಕ್ಕಡಿಗೆ ಸಿಗದ ಭಾರ

1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ. ಅಲ್ಲಿ 100 ಅಂಗನವಾಡಿಗಳಿಂದ ಹೊರಟ ಕೆಲಸ ಇಂದು ರಾಜ್ಯದ ಹಳ್ಳಿಹಳ್ಳಿಯಲ್ಲೂ ನಡೆದಿದೆ. ಇಷ್ಟು ವರ್ಷಗಳಲ್ಲಿ ಮಗುವಿನ ಮೈ ನೋಡುವುದನ್ನು ಅದು ಚೆನ್ನಾಗಿ ಕಲಿತಿದೆ: ತೂಕ, ಎತ್ತರ, ಚುಚ್ಚುಮದ್ದು, ಮೊಟ್ಟೆ. ಆದರೆ ಮಗು ಎಂಥ ಮನೆಯಿಂದ ಎದ್ದು ಬಂತು, ಹಿಂದಿನ ರಾತ್ರಿ ಅಲ್ಲಿ ಏನು ನಡೆಯಿತು ಎಂದು ಕೇಳುವ ಪುರುಸೊತ್ತನ್ನು ನಾವು ಅಂಗನವಾಡಿಗೆ ಕೊಟ್ಟೇ ಇಲ್ಲ.

2025ರ ಆರಂಭವನ್ನು ನೆನೆಯಿರಿ. ಮೈಕ್ರೋಫೈನಾನ್ಸ್ ಸಾಲದ ಕಂತು ಕಟ್ಟಲಾಗದೆ ನಂಜನಗೂಡು ತಾಲ್ಲೂಕಿನ ಕೆಲವು ಹಳ್ಳಿಗಳಲ್ಲಿ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ಬಂತು. ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು, ಸಾಲಗಾರರನ್ನು ಪೀಡಿಸುವವರಿಗೆ 10 ವರ್ಷದವರೆಗೆ ಜೈಲು ಎಂದಿತು. ಅದು ಬೇಕಾಗಿದ್ದ ಕ್ರಮವೇ. ಆದರೆ ಆ ದಿನಗಳ ಚರ್ಚೆಯಲ್ಲಿ ನಾಲ್ಕು ವರ್ಷದ ಮಗುವಿನ ಮಾತು ಬರಲಿಲ್ಲ. ಸಾಲವೆಂದರೇನೆಂದು ಅದಕ್ಕೆ ತಿಳಿಯದು. ಕಂತಿನ ದಿನ ಅವ್ವನ ದನಿ ಬದಲಾಗುವುದು, ಬಾಗಿಲು ತಟ್ಟಿದರೆ ಸುಮ್ಮನಿರು ಎಂದು ಬಾಯಿ ಮುಚ್ಚುವುದು ಮಾತ್ರ ಚೆನ್ನಾಗಿ ತಿಳಿಯುತ್ತದೆ.

ಹೆದರಿದ ಮಗುವನ್ನು ಯಾರಾದರೂ ಎತ್ತಿಕೊಂಡು ಸಂತೈಸಿದರೆ ಎದೆಬಡಿತ ಇಳಿಯುತ್ತದೆ, ಮೈ ಸಡಿಲಾಗುತ್ತದೆ. ಹೆದರಿಕೆ ವಾರವಾರವೂ ಬಂದು, ಸಂತೈಸಬೇಕಾದವರೇ ನಡುಗುತ್ತಿದ್ದರೆ ಮೈ ಎಚ್ಚರದಲ್ಲೇ ಉಳಿದುಬಿಡುತ್ತದೆ. ನಿದ್ದೆ ಕೆಡುತ್ತದೆ, ಊಟ ಸೇರುವುದಿಲ್ಲ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ರೂಢಿ ಮರಳುತ್ತದೆ. ಇಂಥ ಮಗು ತೂಕದಲ್ಲಿ ಇಳಿದರೆ ದಾಖಲೆಯಲ್ಲಿ ಬರುವುದು ಅಪೌಷ್ಟಿಕತೆ ಎಂಬ ಮಾತು, ಸಿಗುವ ಮದ್ದು ಇನ್ನಷ್ಟು ಆಹಾರ. ಆಹಾರ ಬೇಕು, ನಿಜ. ಆದರೆ ಉಣ್ಣಲಾಗದ ಕಾರಣ ಬರೆಯಲು ಆ ದಾಖಲೆಯಲ್ಲಿ ಜಾಗವೇ ಇಲ್ಲ.

ಅಂಗನವಾಡಿ ಟೀಚರಿಗೆ ಆ ಕಾರಣ ಬಹಳ ಸಲ ಗೊತ್ತಿರುತ್ತದೆ. ಆಕೆ ಅದೇ ಊರಿನವಳು. ಎರಡು ದಿನದಿಂದ ಸೆರಗು ಬಿಡದ ಮಗುವಿನ ಮನೆಯಲ್ಲಿ ಏನಾಗಿದೆ ಎಂದು ಯಾರೂ ಹೇಳದೆಯೂ ಊಹಿಸಬಲ್ಲಳು. ಅಂಗನವಾಡಿಯ ನಿಜವಾದ ಬಲ ಇಲ್ಲಿದೆ ಎಂದು ನಾನು ನಂಬುತ್ತೇನೆ: ದಿನವೂ ಅದೇ ಮುಖ, ಅದೇ ಹಾಡು, ಊಟದ ಅದೇ ಹೊತ್ತು. ಮುಂದೇನು ಎಂದು ತಿಳಿಯದ ಮನೆಯಿಂದ ಬಂದ ಮಗುವಿಗೆ, ಮುಂದೇನು ಎಂದು ತಿಳಿದಿರುವ ಜಾಗವೇ ಆರೈಕೆ. ಆ ಬಲವನ್ನು ನಾವು ಮಕ್ಕಳ ವಿವರ ತುಂಬುವ ಮೊಬೈಲ್ ಆ್ಯಪ್ ಆದ ಪೋಷಣ್ ಟ್ರ್ಯಾಕರ್‌ಗೂ ಸಮೀಕ್ಷೆಗಳಿಗೂ ಖರ್ಚು ಮಾಡುತ್ತಿದ್ದೇವೆ. ಮಗು ಸೆರಗು ಹಿಡಿದಾಗ ಆಕೆಯ ಕೈಯಲ್ಲಿ ಮೊಬೈಲ್ ಇರುತ್ತದೆ.

ಅಂಗನವಾಡಿಯಲ್ಲಿ ನಡೆಯುವ ತಾಯಂದಿರ ಸಭೆಯ ಬಗೆಗೂ ನನಗೆ ಅಸಮಾಧಾನವಿದೆ. ಕಬ್ಬಿಣಾಂಶದ ಮಾತ್ರೆ, ಸೊಪ್ಪು, ಲಸಿಕೆಯ ಮಾತು ಮುಗಿದ ಮೇಲೆ, ಮಗುವಿನ ಮುಂದೆ ಜಗಳವಾಡಬೇಡಿ ಎಂದರೆ ಒಂದೇ ಕೋಣೆಯ ಮನೆಯವರು ಎಲ್ಲಿಗೆ ಹೋಗಿ ಜಗಳವಾಡಬೇಕು? ಅದಕ್ಕಿಂತ, ಜಗಳ ಮುಗಿದದ್ದನ್ನೂ ಮಗುವಿಗೆ ತೋರಿಸಿ, ನಿಂದೇನೂ ತಪ್ಪಿಲ್ಲ ಮಗ ಎಂದು ಹೇಳಿ ಎಂದರೆ ಅದು ಅವರ ಕೈಲಾಗುವ ಕೆಲಸ. ಅದನ್ನು ಕೇಳಬೇಕಾದ ಅಪ್ಪಂದಿರು ಸಭೆಗೆ ಬರುವುದಿಲ್ಲ, ನಾವೂ ಕರೆಯುವುದಿಲ್ಲ. ಅಂಗನವಾಡಿಯ ಬಾಲವಿಕಾಸ ಸಮಿತಿ ಅವರನ್ನು ಸಂಜೆ ಹೊತ್ತಿನಲ್ಲಿ ಕರೆಯಬಹುದು.

ಇನ್ನು ಹೊತ್ತಿನ ಸಂಗತಿ. ಅಂಗನವಾಡಿ 4 ಗಂಟೆಗೆ ಮುಗಿಯುತ್ತದೆ. ನಂಜನಗೂಡು ತಾಲ್ಲೂಕಿನ ತಾಂಡ್ಯ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳ ಪಾಳಿ ಆಗ ಮುಗಿಯುವುದಿಲ್ಲ. 2023–24ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆಂದು ಘೋಷಿಸಿದ ‘ಕೂಸಿನ ಮನೆ’ ಒಳ್ಳೆಯ ಯೋಜನೆ. ಆದರೆ ಅದನ್ನು ರೂಪಿಸಿದ್ದು ಮುಖ್ಯವಾಗಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ 3 ವರ್ಷದೊಳಗಿನ ಕೂಸುಗಳಿಗಾಗಿ. ಕಾರ್ಖಾನೆಗೆ ಹೋಗುವ ತಾಯಿಯ ನಾಲ್ಕು ವರ್ಷದ ಮಗುವಿಗೆ 4 ಗಂಟೆಯ ನಂತರ ಸಿಗುವುದು ಅಜ್ಜಿಯ ಮಡಿಲು, ಇಲ್ಲವೆಂದರೆ ಶಾಲೆಯಿಂದ ಆಗಷ್ಟೇ ಬಂದ, ಎಂಟೋ ಒಂಬತ್ತೋ ವರ್ಷದ ಅಕ್ಕ.