ಮರೆಯ ಭಕ್ತಿ, ದಣಿದ ದೇಹ

ಯಾರ ಕಣ್ಣಿಗೂ ಬೀಳದ ಭಕ್ತಿ ದೇವರ ಕಣ್ಣಿಗೆ ಬಿದ್ದೇ ಬೀಳುತ್ತದೆ ಎಂಬ ನಂಬಿಕೆ ಕ್ರೈಸ್ತ ಧರ್ಮದಲ್ಲಿ ತತ್ತ್ವಕ್ಕಿಂತ ಹೆಚ್ಚಾಗಿ ಕತೆಗಳ ಮೂಲಕ ಬೇರೂರಿದೆ. ಒಡತಿಯ ಕಾಟ ತಾಳದೆ ಅಡವಿಗೆ ಓಡಿದ ದಾಸಿ ಹಾಗರಳು, ತನ್ನನ್ನು ನೋಡಿದ ದೇವರಿಗೆ ಆ ನೋಟದಿಂದಲೇ ಹೆಸರಿಡುತ್ತಾಳೆ. ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಎರಡು ಸಣ್ಣ ಕಾಸು ಹಾಕಿದ ವಿಧವೆಯನ್ನು ಯೇಸು ಗುರುತಿಸುತ್ತಾನೆ. ದಾನ, ಪ್ರಾರ್ಥನೆ, ಉಪವಾಸ ಮೂರೂ ಮರೆಯಲ್ಲಿ ನಡೆಯಲಿ ಎಂದು ಅವನ ಪರ್ವತ ಪ್ರಸಂಗ ಹೇಳುತ್ತದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಕೈಗೊಂಡ ಅನುವಾದದಿಂದ 1831ರ ವೇಳೆಗೆ ಇಡೀ ಬೈಬಲ್ ಕನ್ನಡಕ್ಕೆ ಬಂದಿತು. ಈ ಕತೆಗಳೂ ಕನ್ನಡದವಾದವು.

ಉತ್ತರ ಕರ್ನಾಟಕದಲ್ಲಿ ಈ ನಂಬಿಕೆಗೆ ರೂಪ ಕೊಟ್ಟದ್ದು ಎರಡು ಮಿಷನ್‌ಗಳು. ಲಂಡನ್ ಮಿಷನ್ 1820ರಲ್ಲಿ ಬೆಳಗಾವಿಗೆ ಬಂತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡದಲ್ಲಿ ನೆಲೆಯೂರಿತು. ಬಾಸೆಲ್ಲಿನವರಲ್ಲಿ ಬಹಳ ಜನ ಜರ್ಮನಿಯ ವುರ್ಟೆಂಬರ್ಗಿನ ಪೈಟಿಸ್ಟ್ ಪಂಥದವರು. ಏಕಾಂತದ ಪ್ರಾರ್ಥನೆ, ಮೈಮುರಿದ ದುಡಿಮೆ, ಅಂತರಂಗದ ಕಟ್ಟುನಿಟ್ಟಿನ ಪರೀಕ್ಷೆ ಅವರ ಬದುಕಿನ ಕ್ರಮ. ಈ ಶ್ರದ್ಧೆಗೆ ಕನ್ನಡ ನಾಡು ಋಣಿ. 1853ರಲ್ಲಿ ಬಂದ ಫರ್ಡಿನಾಂಡ್ ಕಿಟೆಲ್ ದಶಕಗಳ ಕಾಲ ಪದ ಕೂಡಿಸಿ, 1894ರಲ್ಲಿ ಸುಮಾರು 70,000 ಪದಗಳ ನಿಘಂಟನ್ನು ಹೊರತಂದ.

ಆದರೆ ಕಿಟೆಲ್ಲನ ಹೆಸರು ಉಳಿಯಿತು. ಅವನಿಗೆ ಊರೂರಲ್ಲಿ ಪದ ಹೇಳಿಕೊಟ್ಟ ಒಕ್ಕಲಿಗರ, ಕುಶಲಕರ್ಮಿಗಳ ಹೆಸರು ಬಹುಮಟ್ಟಿಗೆ ಉಳಿಯಲಿಲ್ಲ. ಮನೆಮನೆಗೆ ನಡೆದು ಹೆಂಗಸರಿಗೆ ಬೈಬಲ್ ಓದಿ ಹೇಳುತ್ತಿದ್ದ ದೇಶೀ ಹೆಣ್ಣುಮಕ್ಕಳ ಪಾಡೂ ಅದೇ. ಪರಂಪರೆಯ ದೊಡ್ಡ ಕೊರತೆ ಇಲ್ಲಿದೆ: ದೇವರು ನೋಡುತ್ತಾನೆಂಬ ಭರವಸೆ, ಮನುಷ್ಯರು ನೋಡದಿರುವುದಕ್ಕೆ ನೆಪವಾಯಿತು.

ಬೈಬಲ್ಲಿನಲ್ಲಿ ಇದಕ್ಕೆ ಉತ್ತರವಾಗಿ ನಿಲ್ಲುವುದು ಪ್ರವಾದಿ ಎಲೀಯನ ಕತೆ. ರಾಣಿಯ ಬೆದರಿಕೆಗೆ ಓಡಿ, ಒಂದು ಪೊದೆಯ ಕೆಳಗೆ ಕುಸಿದು, ಅವನು ಸಾವು ಬೇಡುತ್ತಾನೆ. ದೇವದೂತ ಅವನನ್ನು ಗದರಿಸುವುದಿಲ್ಲ, ಅವನ ನಂಬಿಕೆಯನ್ನು ಪ್ರಶ್ನಿಸುವುದೂ ಇಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಇಟ್ಟು ಎಬ್ಬಿಸುತ್ತಾನೆ. ಎಲೀಯ ಉಂಡು ಮತ್ತೆ ಮಲಗುತ್ತಾನೆ. ದೂತ ಎರಡನೆಯ ಸಲ ಬಂದು ಉಣಿಸುತ್ತಾನೆ. ದೇವರ ಮಾತು ಕೇಳಿಸುವುದು ಆಮೇಲೆ, ಅದೂ ಮೆಲುದನಿಯಲ್ಲಿ. ದಣಿವು ಅಪನಂಬಿಕೆಯಲ್ಲ ಎಂಬುದನ್ನು ಇಷ್ಟು ಸ್ಪಷ್ಟವಾಗಿ ಹೇಳುವ ಕತೆ ಬೈಬಲ್ಲಿನಲ್ಲಿ ಇನ್ನೊಂದಿಲ್ಲ. ಪೈಟಿಸ್ಟ್ ಪರಂಪರೆ ದುಡಿಮೆಗೆ ಕೊಟ್ಟ ತೂಕವನ್ನು ಈ ರೊಟ್ಟಿಗೂ ನಿದ್ದೆಗೂ ಕೊಡಲಿಲ್ಲ.

ದುಡಿಮೆಗೂ ಮಿತಿಯುಂಟೆಂಬ ಮಾತು ಈ ನಾಡಿನಲ್ಲೇ ಇತ್ತು. ಬೆಳಗಾವಿ ಜಿಲ್ಲೆಯ ಹಾರೂಗೇರಿ, ರಾಯಬಾಗ, ಅಥಣಿಯ ಸೀಮೆ ಶರಣರ ನೆಲ. ಕ್ರೈಸ್ತರು ಇಲ್ಲಿ ಕೆಲವೇ ಮಂದಿ. ಸದ್ದಿಲ್ಲದ ಭಕ್ತಿಗೆ ಅಥಣಿಯ ಮುರುಘೇಂದ್ರ ಶಿವಯೋಗಿಗಳ (1836–1921) ಹೆಸರು ಇಲ್ಲಿ ಮನೆಮಾತು. ಗಂಡ ಮಾರಯ್ಯ ಹೆಚ್ಚಾಗಿ ತಂದ ಅಕ್ಕಿಯನ್ನು ಹಿಂದಿರುಗಿಸಲು ಹೇಳಿದ ಶರಣೆ ಆಯ್ದಕ್ಕಿ ಲಕ್ಕಮ್ಮನ ಕತೆಯಲ್ಲಿ ಕಾಯಕಕ್ಕೆ ಒಂದು ಮಿತಿಯಿದೆ. ಮಿಷನ್ನಿನ ದುಡಿಮೆಗೆ ಅಂಥ ಮಿತಿ ಕಾಣದು.

ಈ ಸೀಮೆಯ ಜನ ಕ್ರೈಸ್ತ ಸೇವೆಯನ್ನು ಹತ್ತಿರದಿಂದ ಕಂಡದ್ದು ದವಾಖಾನೆಯಲ್ಲಿ. ಗಡಿಯಾಚೆಯ ಮಿರಜದಲ್ಲಿ ಅಮೆರಿಕನ್ ಪ್ರೆಸ್‌ಬಿಟೇರಿಯನ್ ಮಿಷನ್ನಿನ ವೈದ್ಯ ವಿಲಿಯಂ ವಾನ್‌ಲೆಸ್ 1894ರಲ್ಲಿ ಆಸ್ಪತ್ರೆ ತೆರೆದ. 1897ರಲ್ಲಿ ನರ್ಸ್‌ಗಳ ತರಬೇತಿಯೂ ಆರಂಭವಾಯಿತು. ಆಸ್ಪತ್ರೆಗೆ ವಾನ್‌ಲೆಸ್ ಹೆಸರೇ ಉಳಿಯಿತು. ರಾತ್ರಿಯಿಡೀ ರೋಗಿಯ ಮಗ್ಗುಲು ಬದಲಿಸುವ, ಹಾಸಿಗೆ ಒಗೆಯುವ ಕೈಗಳು ಮರೆಯ ಭಕ್ತಿಗೆ ನಿಜವಾದ ಸಾಕ್ಷಿ. ಆ ಕೈಗಳನ್ನು ದೇವರು ನೋಡುತ್ತಾನೆಂದು ಪೀಠದಿಂದ ಸಾರುವ ಕ್ರೈಸ್ತ ಸಭೆ, ಅವಕ್ಕೆ ಹೊತ್ತಿಗೆ ಊಟ, ಕಣ್ತುಂಬ ನಿದ್ದೆ, ಸರಿಯಾದ ಸಂಬಳ ಸಿಗುತ್ತಿದೆಯೇ ಎಂದು ಮೊದಲು ತಾನೇ ನೋಡಲಿ.